ಹಳೆಯ ಪದ್ಮಿನಿಯಲ್ಲಿ ಗಾಳಿಯ ಸಿಳ್ಳೆ: ರಬ್ಬರ್‌ಗಿಂತ ಮೊದಲು ಬಾಗಿಲನ್ನು ನೋಡಿ

ಪ್ರಶ್ನೆ: ನಾನು ಮೈಸೂರಿನವನು. ತಂದೆಯವರು ಕೊಂಡಿದ್ದ 1984ರ ಪ್ರೀಮಿಯರ್ ಪದ್ಮಿನಿ ಕಾರಿಗೆ ಕಳೆದ ವರ್ಷ ಟಿಂಕರಿಂಗ್, ಪೇಂಟಿಂಗ್ ಮಾಡಿಸಿ ನಾಲ್ಕೂ ಬಾಗಿಲಿಗೆ ಹೊಸ ಬೀಡಿಂಗ್ (ಬಾಗಿಲಿನ ಸುತ್ತಲಿನ ರಬ್ಬರ್ ಪಟ್ಟಿ) ಹಾಕಿಸಿದೆ. ಅಂದಿನಿಂದ ಬಾಗಿಲುಗಳನ್ನು ಜೋರಾಗಿ ಬಡಿದರೆ ಮಾತ್ರ ಮುಚ್ಚುತ್ತವೆ. ಗಂಟೆಗೆ 60 ಕಿ.ಮೀ. ದಾಟುತ್ತಿದ್ದಂತೆ ಬಲಗಿವಿಯ ಬಳಿ ಸಿಳ್ಳೆ ಶುರುವಾಗುತ್ತದೆ. 75–80ರಲ್ಲಿ ಅದರ ಜೊತೆಗೆ ಸುಯ್ಯೆನ್ನುವ ಇನ್ನೊಂದು ಸದ್ದು ಸೇರುತ್ತದೆ. ಬೆಂಗಳೂರಿಗೆ ಹೋಗುವಾಗ ಸಹಿಸಬಹುದು, ಮರಳಿ ಬರುವಾಗ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಗ್ಯಾರೇಜಿನವರು ಬಾಗಿಲೊಳಗೆ ಅದುರುವಿಕೆ ತಗ್ಗಿಸುವ ಡ್ಯಾಂಪಿಂಗ್ ಶೀಟ್ ಅಂಟಿಸಿ, ಇನ್ನೂ ದಪ್ಪನೆಯ ಬೀಡಿಂಗ್ ಹಾಕೋಣ ಎನ್ನುತ್ತಿದ್ದಾರೆ. ಹಾಗೆ ಮಾಡಿಸಬಹುದೇ?

ಉತ್ತರ: ದಯವಿಟ್ಟು ಈಗಲೇ ಎರಡನ್ನೂ ಮಾಡಿಸಬೇಡಿ. ಇನ್ನೂ ದಪ್ಪನೆಯ ಬೀಡಿಂಗ್ ಹಾಕಿದರೆ ಸದ್ದು ಹೆಚ್ಚುವ ಸಾಧ್ಯತೆಯೇ ಜಾಸ್ತಿ. ನಿಮ್ಮ ಪತ್ರದಲ್ಲೇ ಮೂರು ಒಳ್ಳೆಯ ಸುಳಿವುಗಳಿವೆ. ಹೊಸ ಬೀಡಿಂಗ್ ಹಾಕಿದ ಮೇಲೆ ಬಾಗಿಲು ಬಡಿಯಬೇಕಾಗಿ ಬಂದಿದೆ. ಸಿಳ್ಳೆ ಒಂದು ವೇಗದಲ್ಲಿ, ಸುಯ್ಯೆನ್ನುವ ಸದ್ದು ಇನ್ನೊಂದು ವೇಗದಲ್ಲಿ ಹುಟ್ಟುತ್ತಿದೆ. ಹೋಗುವ ದಾರಿಗಿಂತ ಬರುವ ದಾರಿಯಲ್ಲಿ ಸದ್ದು ಹೆಚ್ಚು. ಇವನ್ನು ಸೇರಿಸಿ ನೋಡಿದರೆ ನಿಮ್ಮ ಕಾರಿನಲ್ಲಿ ಒಂದಲ್ಲ, ಎರಡು ದೋಷಗಳಿವೆ ಎಂದು ನನಗೆ ಅನ್ನಿಸುತ್ತದೆ. ಸಿಳ್ಳೆ ಮುಂಬಾಗಿಲಿನಲ್ಲಿ ತಿರುಗಿಸಿ ತೆರೆಯುವ ಪುಟ್ಟ ತ್ರಿಕೋನ ಗಾಜಿನದು. ಸುಯ್ಯೆನ್ನುವ ಸದ್ದು ಬಾಗಿಲಿನ ಮೇಲ್ಚೌಕಟ್ಟು ಹೊರಗೆ ನಿಂತದ್ದರಿಂದ ಬರುವಂಥದ್ದು. ಇದು ಊಹೆ. ಇದನ್ನು ಖಚಿತ ಮಾಡಿಕೊಳ್ಳುವ ದಾರಿ ಅಗ್ಗವಾಗಿದೆ, ಅದನ್ನೇ ಮೊದಲು ಹೇಳುತ್ತೇನೆ.

ಅದಕ್ಕೂ ಮುನ್ನ, ಮರಳಿ ಬರುವಾಗ ಸದ್ದು ಹೆಚ್ಚಾಗುವುದೇಕೆ ಎಂಬುದನ್ನು ನೋಡೋಣ. ಮೈಸೂರಿನಿಂದ ಬೆಂಗಳೂರು ಈಶಾನ್ಯಕ್ಕಿದೆ. ಮುಂಗಾರಿನ ತಿಂಗಳುಗಳಲ್ಲಿ, ಅದರಲ್ಲೂ ಆಷಾಢದಲ್ಲಿ, ಗಾಳಿ ಪಶ್ಚಿಮ ಮತ್ತು ನೈರುತ್ಯದಿಂದ ಬೀಸುತ್ತದೆ. ಹೋಗುವಾಗ ಅದು ಬೆನ್ನಗಾಳಿ, ಬರುವಾಗ ಎದುರುಗಾಳಿ. ಗಂಟೆಗೆ 20 ಕಿ.ಮೀ. ವೇಗದ ಗಾಳಿಯಿದ್ದರೆ, ಸ್ಪೀಡೋಮೀಟರ್ ಎರಡೂ ಸಲ 80 ತೋರಿಸಿದರೂ ನಿಮ್ಮ ಮುಂಗಾಜಿಗೆ ಹೋಗುವಾಗ 60ರ ಗಾಳಿ, ಬರುವಾಗ 100ರ ಗಾಳಿ ತಾಗುತ್ತದೆ. ಕಾರಿನ ಮೈಗೆ ಗಾಳಿ ಉಜ್ಜಿ, ಸೀಳಿ ಹುಟ್ಟುವ ಶಬ್ದದ ಶಕ್ತಿ ವೇಗದ ಆರನೆಯ ಘಾತಕ್ಕೆ ಹತ್ತಿರವಾಗಿ ಏರುತ್ತದೆ. ಗಾಳಿಯ ವೇಗ 60ರಿಂದ 90ಕ್ಕೆ ಏರಿದರೆ ಶಬ್ದಶಕ್ತಿ ಸುಮಾರು ಹನ್ನೊಂದು ಪಟ್ಟಾಗುತ್ತದೆ, ಅಂದರೆ 10 ಡೆಸಿಬೆಲ್‌ನಷ್ಟು ಏರಿಕೆ. ಕಿವಿಗೆ ಅದು ಎರಡು ಪಟ್ಟು ಜೋರಾಗಿ ಕೇಳುತ್ತದೆ. ದಿಕ್ಕು ಬದಲಾದರೆ ಸದ್ದು ಬದಲಾಗುವುದು ಟೈರಿನ ಅಥವಾ ಎಂಜಿನ್ನಿನ ಲಕ್ಷಣವಲ್ಲ. ಹಾಗಾಗಿ ನಿಮ್ಮದು ಗಾಳಿಯ ಸದ್ದೇ ಎಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು.

ಅನುಮಾನ ಉಳಿದರೆ ಒಂದು ಪರೀಕ್ಷೆ ಇದೆ. ಖಾಲಿಯಾದ, ಸಮತಟ್ಟಾದ ರಸ್ತೆಯಲ್ಲಿ 75ಕ್ಕೆ ಏರಿಸಿ, ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ. ಎಂಜಿನ್ ಮಾತ್ರ ಆರಿಸಬೇಡಿ, ಸ್ಟೀರಿಂಗ್ ಲಾಕ್ ಆಗುವ ಅಪಾಯವಿದೆ. ಎಂಜಿನ್ನಿನ ವೇಗ ಇಳಿದ ಮೇಲೂ ಸದ್ದು ಹಾಗೆಯೇ ಇದ್ದು, ಕಾರಿನ ವೇಗ ಇಳಿದಂತೆ ಇಳಿದರೆ ಎಂಜಿನ್ ನಿರಪರಾಧಿ. ಡಾಂಬರಿನಿಂದ ಕಾಂಕ್ರೀಟಿಗೆ ಹೋದಾಗ ಬದಲಾಗುವ ಸದ್ದು ಟೈರಿನದು. ತಿರುವಿನಲ್ಲಿ ಏರಿಳಿಯುವ ಗುಂಯ್‌ಗುಡುವಿಕೆ ಚಕ್ರದ ಬೇರಿಂಗ್‌ನದು.

ಈಗ ನಿಜವಾದ ವಿಷಯಕ್ಕೆ ಬರೋಣ. ಪದ್ಮಿನಿಯ ದೇಹದ ಮೂಲ ವಿನ್ಯಾಸ 1953ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಫಿಯೆಟ್ ತೋರಿಸಿದ 1100–103 ಕಾರಿನ ವಂಶದ್ದು. ಎದ್ದು ನಿಂತ ಮುಂಗಾಜು, ಅದರ ಎರಡೂ ಬದಿಗೆ ಕಂಬ, ಚಾವಣಿಯ ಅಂಚಿಗೆ ಮಳೆನೀರಿನ ಗಟರ್. ಮುಂಗಾಜಿಗೆ ಬಡಿದ ಗಾಳಿ ಆ ಕಂಬವನ್ನು ಸುತ್ತಿ ಪಕ್ಕದ ಗಾಜಿನ ಮೇಲೆ ಸುಳಿಯಾಗಿ ಹೊರಳುತ್ತದೆ. ಆ ಸುಳಿಯ ಜಾಗದಲ್ಲಿ ಒತ್ತಡ ಕಾರಿನ ಒಳಗಿಗಿಂತ ಕಡಿಮೆ. 80 ಕಿ.ಮೀ. ವೇಗದಲ್ಲಿ ಗಾಳಿಯ ಚಲನೆಯ ಒತ್ತಡ ಒಂದು ಚದರ ಮೀಟರಿಗೆ ಸುಮಾರು 30 ಕಿಲೋ ತೂಕದಷ್ಟಿರುತ್ತದೆ. ಬಾಗಿಲಿನ ಮೇಲರ್ಧ, ಅಂದರೆ ಗಾಜು ಮತ್ತು ಅದರ ಚೌಕಟ್ಟು, ಚದರ ಮೀಟರಿನ ಮೂರನೆಯ ಒಂದು ಭಾಗ ಎಂದಿಟ್ಟುಕೊಂಡರೂ ಹತ್ತು ಕಿಲೋದಷ್ಟು ಬಲ ಆ ತೆಳು ಚೌಕಟ್ಟನ್ನು ಹೊರಕ್ಕೆ ಎಳೆಯುತ್ತಿರುತ್ತದೆ. ಗ್ಯಾರೇಜಿನಲ್ಲಿ ನಿಂತ ಕಾರಿನಲ್ಲಿ ರಬ್ಬರ್ ಸರಿಯಾಗಿ ಕೂತಂತೆ ಕಾಣುತ್ತದೆ. ಓಡುವಾಗ ಅದೇ ಜಾಗದಲ್ಲಿ ಕೂದಲೆಳೆಯ ಸಂದು ತೆರೆದುಕೊಂಡು ಒಳಗಿನ ಗಾಳಿ ಹೊರಕ್ಕೆ ನುಗ್ಗುತ್ತದೆ. ಸುಯ್ಯೆನ್ನುವುದು ಅದೇ. ನಿಂತ ಕಾರನ್ನು ಎಷ್ಟು ನೋಡಿದರೂ ದೋಷ ಸಿಗದಿರುವುದಕ್ಕೆ ಇದೇ ಕಾರಣ.

ಇದನ್ನು ಕೈಯಿಂದಲೇ ಪರೀಕ್ಷಿಸಬಹುದು. ನೀವು ಓಡಿಸಬೇಡಿ, ಪಳಗಿದ ಬೇರೆಯವರಿಗೆ ಸ್ಟೀರಿಂಗ್ ಕೊಟ್ಟು ನೀವು ಅವರ ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳಿ. 80ರಲ್ಲಿ ಕೈ ಮುಂದೆ ಚಾಚಿ, ಮುಂಬಾಗಿಲಿನ ಮೇಲ್ಚೌಕಟ್ಟಿನ ಹಿಂದಿನ ಮೂಲೆಯನ್ನು ಬೆರಳುಗಳಿಂದ ಒಳಕ್ಕೆ ಎಳೆದು ಹಿಡಿಯಿರಿ. ಸದ್ದು ಇಳಿದರೆ ಮೂಲ ಸಿಕ್ಕಿತು. ಇಳಿಯದಿದ್ದರೆ ಹಿಂದಿನ ಕಿಟಕಿಯನ್ನು ಒಂದು ಬೆರಳು ಇಳಿಸಿ ನೋಡಿ. ಒಳಗಿನ ಒತ್ತಡ ಇಳಿದು ಸುಯ್ಯೆನ್ನುವಿಕೆಯ ಧಾಟಿ ಬದಲಾದರೆ ಅದು ಸೋರಿಕೆಯೇ. ಏನೂ ಬದಲಾಗದಿದ್ದರೆ ಸದ್ದು ಹೊರಮೈಯಲ್ಲಿ ಹುಟ್ಟುತ್ತಿದೆ.

ಆಮೇಲೆ ಟೇಪ್ ಪರೀಕ್ಷೆ. ಪೇಂಟರುಗಳು ಬಳಸುವ ಕಾಗದದ ಮಾಸ್ಕಿಂಗ್ ಟೇಪ್ ಎರಡು ಸುರುಳಿ ತನ್ನಿ. ಬಲ ಮುಂಬಾಗಿಲಿನ ಸುತ್ತಲಿನ ಸಂದು, ತ್ರಿಕೋನ ಗಾಜಿನ ಸುತ್ತ, ದೊಡ್ಡ ಗಾಜಿನ ಕೆಳಗಿನ ಪಟ್ಟಿ, ಮುಂಗಾಜಿನ ರಬ್ಬರಿನ ಎರಡೂ ಅಂಚು, ಹಿಂಬಾಗಿಲಿನ ಮುಂದಿನ ಅಂಚು, ಎಲ್ಲವನ್ನೂ ಹೊರಗಿನಿಂದ ಮುಚ್ಚಿ. ಓಡಿಸುವವರು ಕುಳಿತ ಮೇಲೆ ಅವರ ಬಾಗಿಲಿಗೆ ಅಂಟಿಸಿ. ತುರ್ತಿಗೆ ಎಡಬದಿಯ ಒಂದು ಬಾಗಿಲನ್ನಾದರೂ ಟೇಪಿಲ್ಲದೆ ಬಿಡಿ. ಒಂದೇ ರಸ್ತೆ, ಒಂದೇ ದಿಕ್ಕು, ಒಂದೇ ವೇಗ. ಗಾಳಿ ಏಳುವ ಮೊದಲೇ, ಬೆಳಗ್ಗೆ ಆರರ ಸುಮಾರಿಗೆ, ಇದನ್ನು ಮಾಡುವುದು ಒಳ್ಳೆಯದು. ದಶಪಥ ಹೆದ್ದಾರಿಯ ಅಂಚಿನಲ್ಲಿ ಕಾರು ನಿಲ್ಲಿಸಿ ಟೇಪ್ ಕೀಳುವ ಸಾಹಸ ಖಂಡಿತ ಬೇಡ, ಇಳಿದು ನಿಲ್ಲಲು ಜಾಗವಿರುವ ಬೇರೆ ರಸ್ತೆ ಆರಿಸಿಕೊಳ್ಳಿ. ಪ್ರತಿ ಓಟದಲ್ಲೂ ಮೊಬೈಲನ್ನು ಸೀಟಿನ ಅದೇ ಜಾಗದಲ್ಲಿಟ್ಟು ಧ್ವನಿಮುದ್ರಣ ಮಾಡಿಕೊಳ್ಳಿ. ಹತ್ತು ನಿಮಿಷದ ಹಿಂದಿನ ಸದ್ದು ಎಷ್ಟಿತ್ತು ಎಂಬುದನ್ನು ಕಿವಿ ನೆನಪಿಟ್ಟುಕೊಳ್ಳುವುದಿಲ್ಲ, ಹಣ ಖರ್ಚು ಮಾಡಿದವರ ಕಿವಿಯಂತೂ ತನಗೆ ಬೇಕಾದುದನ್ನೇ ಕೇಳುತ್ತದೆ.

ಎಲ್ಲ ಮುಚ್ಚಿದಾಗ ಕಾರು ಗಮನಾರ್ಹವಾಗಿ ನಿಶ್ಶಬ್ದವಾದರೆ ಸೋರಿಕೆ ಖಚಿತ. ಆಗ ಒಂದೊಂದೇ ಭಾಗದ ಟೇಪ್ ತೆಗೆದು ಅದೇ ದಾರಿಯಲ್ಲಿ ಓಡಿಸಿ. ಸದ್ದು ಮರಳಿದ ಜಾಗವೇ ಅಪರಾಧಿ. ಒಮ್ಮೆಗೆ ಎರಡು ಭಾಗ ತೆಗೆಯುವ ಆತುರ ಬೇಡ. ಎಲ್ಲ ಮುಚ್ಚಿದರೂ ಸದ್ದು ಕದಲದಿದ್ದರೆ ಬಾಗಿಲನ್ನು ಬಿಟ್ಟುಬಿಡಿ. ಕ್ಯಾರಿಯರ್, ಕನ್ನಡಿ, ಆಂಟೆನಾ ಕಡೆ ನೋಡಿ. ಕೆಲಸ ಮುಗಿದ ಕೂಡಲೇ ಎಲ್ಲ ಟೇಪ್ ತೆಗೆದುಬಿಡಿ. ಬಿಸಿಲಿಗೆ ಒಣಗಿದ ಅಂಟು ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ.

ತ್ರಿಕೋನ ಗಾಜಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಎ.ಸಿ. ಇಲ್ಲದ ಕಾಲದಲ್ಲಿ ಅದೊಂದು ಅದ್ಭುತ ಅನುಕೂಲ, ಸ್ವಲ್ಪ ತಿರುಗಿಸಿದರೆ ಮುಖಕ್ಕೆ ನೇರ ಗಾಳಿ. ಆದರೆ ಅದು ಇರುವುದು ನಾನು ಹೇಳಿದ ಸುಳಿಯ ನಟ್ಟನಡುವೆ. ಗಾಜು ಮೇಲೆ ಕೆಳಗೆ ಎರಡು ಮೊಳೆಗಳ ಮೇಲೆ ತಿರುಗುತ್ತದೆ. ಕೆಳಗಿನ ಮೊಳೆಗೆ ಬಾಗಿಲೊಳಗೆ ಬಿಗಿ ಕೊಡುವ ಸ್ಪ್ರಿಂಗ್ ಮತ್ತು ನಟ್ ಇರುತ್ತವೆ. ಅದು ಸಡಿಲವಾದರೆ, ಅಥವಾ ಚಿಲಕ ಸವೆದಿದ್ದರೆ, ಮುಚ್ಚಿದ ಗಾಜೂ ಒಂದೆರಡು ಮಿಲಿಮೀಟರ್ ಅಲುಗುತ್ತದೆ. ಕಿರಿದಾದ ಸಂದಿನ ಚೂಪು ಅಂಚಿಗೆ ಗಾಳಿ ತಾಗಿದಾಗ ಒಂದೇ ಸ್ವರದ ಸಿಳ್ಳೆ ಹುಟ್ಟುತ್ತದೆ. ನಿಮ್ಮ 60ರ ಸಿಳ್ಳೆ ಇದೇ ಎಂದು ನನ್ನ ಅನುಮಾನ. ಪೇಂಟಿಂಗ್‌ಗೆ ಬಿಚ್ಚಿ ಮತ್ತೆ ಕೂರಿಸುವಾಗ ಇದರ ರಬ್ಬರಿನ ತೆಳು ತುಟಿ ತಪ್ಪು ಬದಿಗೆ ಮಡಚಿಕೊಂಡು ಉಳಿಯುವುದು ತೀರಾ ಸಾಮಾನ್ಯ. ಗಾಜನ್ನು ತೆರೆದು ತುಟಿಯ ಉದ್ದಕ್ಕೂ ಬೆರಳಾಡಿಸಿ ನೋಡಿ. ಆಮೇಲೆ ದಿನಪತ್ರಿಕೆಯ ಒಂದು ಬೆರಳಗಲದ ಪಟ್ಟಿಯನ್ನು ನಡುವೆ ಇಟ್ಟು ಮುಚ್ಚಿ ಎಳೆಯಿರಿ. ಸುತ್ತಲೂ ಒಂದೇ ಬಿಗಿ ಇರಬೇಕು. ಸರಾಗವಾಗಿ ಜಾರಿ ಬಂದ ಕಡೆ ಗುರುತು ಹಾಕಿಕೊಳ್ಳಿ.

ಇಲ್ಲಿಗೆ ಅಳತೆಯ ಮೇಲೆ ಮಾರುವ ಬೀಡಿಂಗ್ ತುಂಡು ತುರುಕಿ ಪ್ರಯೋಜನವಿಲ್ಲ, ಆ ಆಕಾರಕ್ಕೇ ಎರಕ ಹೊಯ್ದ ರಬ್ಬರ್ ಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸುವಾಗ ಹಳೆಯ ರಬ್ಬರನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ತುಟಿಯ ದಪ್ಪವನ್ನೂ ಮೂಲೆಯ ಕೋನವನ್ನೂ ಹೋಲಿಸಿ ನೋಡಿ ಕೊಳ್ಳಿ. ಹೊಸದು ಸಿಗುವವರೆಗೆ ಹಳೆಯದಕ್ಕೆ ಸಿಲಿಕಾನ್ ಗ್ರೀಸ್ ತೆಳುವಾಗಿ ಸವರಿ, ಚಿಲಕದ ಕೆಳಗೆ ತೆಳು ವಾಷರ್ ಇಟ್ಟು ಬಿಗಿ ಹೆಚ್ಚಿಸಿದರೆ ಎಷ್ಟೋ ಕಾರುಗಳಲ್ಲಿ ಸಿಳ್ಳೆ ಅಲ್ಲಿಗೇ ನಿಲ್ಲುತ್ತದೆ.

ಇನ್ನು ಬಾಗಿಲು. ಇಲ್ಲಿ ಕ್ರಮ ತಪ್ಪಿದರೆ ಮಾಡಿದ ಕೆಲಸವನ್ನೆಲ್ಲ ಮತ್ತೆ ಮಾಡಬೇಕಾಗುತ್ತದೆ: ಮೊದಲು ದೇಹ, ಆಮೇಲೆ ಕೀಲು, ಆಮೇಲೆ ಲಾಕ್, ಆಮೇಲೆ ಚೌಕಟ್ಟು, ಕಟ್ಟಕಡೆಗೆ ರಬ್ಬರ್. ಪದ್ಮಿನಿಗೆ ಪ್ರತ್ಯೇಕ ಛಾಸಿ ಇಲ್ಲ, ದೇಹವೇ ಭಾರ ಹೊರುತ್ತದೆ. ಬಾಗಿಲ ಕೆಳಗಿನ ಹೊಸ್ತಿಲು ತುಕ್ಕು ಹಿಡಿದು ದುರ್ಬಲವಾಗಿದ್ದರೆ ಬಾಗಿಲಿನ ತೆರಪೇ ಓರೆಯಾಗಿರುತ್ತದೆ, ಯಾವ ರಬ್ಬರೂ ಅದನ್ನು ತುಂಬಲಾರದು. ಬಾಗಿಲು ಮುಚ್ಚಿ ಸುತ್ತಲಿನ ಸಂದನ್ನು ನಾಲ್ಕು ಕಡೆ ಅಳೆದು ಬರೆದುಕೊಳ್ಳಿ. ಆಮೇಲೆ ಕಾರಿನ ಮುಂಭಾಗವನ್ನು ಜಾಕ್‌ನಿಂದ ಎತ್ತಿ ಅದೇ ಜಾಗಗಳಲ್ಲಿ ಮತ್ತೆ ಅಳೆಯಿರಿ. ಸಂದು ಎದ್ದುಕಾಣುವಷ್ಟು ಬದಲಾದರೆ ಹೊಸ್ತಿಲಿನ ವೆಲ್ಡಿಂಗ್ ಕೆಲಸವೇ ಮೊದಲು ಆಗಬೇಕು. ಬಣ್ಣದ ಕೆಳಗೆ ಪುಟ್ಟಿ ತುಂಬಿ ಮುಚ್ಚಿದ ತುಕ್ಕು ಹೀಗೆ ಹೊರಬೀಳುತ್ತದೆ.

ದೇಹ ಸರಿಯಿದ್ದರೆ ಬಾಗಿಲನ್ನು ಅರ್ಧ ತೆರೆದು ಹಿಂದಿನ ತುದಿಯನ್ನು ಎರಡೂ ಕೈಯಿಂದ ಮೇಲೆ ಎತ್ತಿ ನೋಡಿ. ಕಟಕಟ ಎಂದು ಅಲುಗಿದರೆ ಕೀಲಿನ ಪಿನ್ನು, ಬುಷ್ ಸವೆದಿವೆ. ಅವನ್ನು ಬದಲಿಸದೆ ಮುಂದೆ ಹೋಗಬಾರದು. ಇಳಿಬಿದ್ದ ಬಾಗಿಲು ಲಾಕಿನ ಮೇಲೆ ಹತ್ತಿ ಕೂರುತ್ತದೆ, ಆಗ ಮೇಲಿನ ಮೂಲೆ ತಾನಾಗಿ ಹೊರಕ್ಕೆ ವಾಲುತ್ತದೆ. ಕೀಲು ಬಿಗಿಯಾದ ಮೇಲೆ ಕಂಬದ ಮೇಲಿನ ಲಾಕ್ ಪ್ಲೇಟಿನ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಸ್ಕ್ರೂ ಸಡಿಲಿಸಿ, ಒಂದು ಮಿಲಿಮೀಟರಿನಷ್ಟು ಒಳಕ್ಕೆ ಸರಿಸಿ. ಅಷ್ಟೇ ಸಾಕಾಗುವುದುಂಟು. ಗೆರೆ ಎಳೆಯದೆ ಸಡಿಲಿಸಿದರೆ ಮೊದಲಿದ್ದ ಜಾಗ ಮತ್ತೆ ಸಿಗುವುದಿಲ್ಲ.

ಅಷ್ಟಾದರೂ ಮೇಲ್ಚೌಕಟ್ಟು ಹೊರಗಿದ್ದರೆ ಅದನ್ನು ಬಗ್ಗಿಸಬೇಕು. ಕಾರ್ಖಾನೆಯಲ್ಲೂ ಹಳೆಯ ಕಾರುಗಳ ಬಾಗಿಲನ್ನು ಕೊನೆಗೆ ಕೈಯಿಂದಲೇ ಬಗ್ಗಿಸಿ ಹೊಂದಿಸುತ್ತಿದ್ದರು, ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಗಾಜನ್ನು ಪೂರ್ತಿ ಇಳಿಸಿ, ಬಾಗಿಲಿನ ನಡುಭಾಗಕ್ಕೆ ಬಟ್ಟೆ ಸುತ್ತಿದ ಮರದ ತುಂಡು ಕೊಟ್ಟು, ಸ್ವಲ್ಪ ಸ್ವಲ್ಪವಾಗಿ ಒತ್ತಬೇಕು. ಅನುಭವಿ ಟಿಂಕರ್ ಕೈಯಲ್ಲಿ ಇದು ಕಾಲು ಗಂಟೆಯ ಕೆಲಸ. ಹೊಸಬರ ಕೈಯಲ್ಲಿ ಬಣ್ಣ ಬಿರಿಯುತ್ತದೆ. ಹೊಂದಿಸುವಾಗ ಒಂದು ನಿಯಮ ಹೇಳಿ: ಹೆಂಚು ಹೊದಿಸುವಾಗ ನೀರು ಹರಿಯುವ ದಿಕ್ಕಿಗೆ ಮೇಲಿನದು ಕೆಳಗಿನದರ ಮೇಲೆ ಚಾಚಿರುವಂತೆ, ಗಾಳಿ ಹರಿಯುವ ದಿಕ್ಕಿನಲ್ಲಿ ಮುಂದಿನ ತಗಡು ಹಿಂದಿನದಕ್ಕಿಂತ ಕೂದಲಷ್ಟು ಹೊರಗಿರಬಹುದು, ಹಿಂದಿನದು ಎಂದೂ ಹೊರಗಿರಬಾರದು. ಹಿಂಬಾಗಿಲಿನ ಮುಂದಿನ ಅಂಚು ಮುಂಬಾಗಿಲಿಗಿಂತ ಹೊರಗೆ ನಿಂತರೆ ಗಾಳಿ ಆ ಅಂಚಿಗೆ ನೇರವಾಗಿ ಬಡಿಯುತ್ತದೆ.

ಈಗ ರಬ್ಬರ್. ಬಾಗಿಲು ಬಡಿಯಬೇಕಾಗಿದೆ ಎಂದರೆ ನಿಮಗೆ ಹಾಕಿರುವುದು ಗಟ್ಟಿಯಾದ ಅಥವಾ ದಪ್ಪ ಹೆಚ್ಚಾದ ಬೀಡಿಂಗ್. ಅದು ಕೀಲಿನ ಬದಿಯಲ್ಲೂ ಕೆಳಗೂ ಬಾಗಿಲನ್ನು ಹೊರಕ್ಕೆ ತಳ್ಳುತ್ತದೆ. ಲಾಕ್ ಇರುವ ಮಧ್ಯಭಾಗ ಮಾತ್ರ ಬಿಗಿಯಾಗಿರುತ್ತದೆ, ಯಾವ ಆಸರೆಯೂ ಇಲ್ಲದ ಮೇಲಿನ ಮೂಲೆ ಬಾಯಿ ಬಿಡುತ್ತದೆ. ಇದಕ್ಕೆ ಮದ್ದು ಎಂದು ಇನ್ನೂ ದಪ್ಪನೆಯದನ್ನು ಹಾಕಿದರೆ ಆ ಬಾಯಿ ಇನ್ನಷ್ಟು ಅಗಲವಾಗುತ್ತದೆ. ನಿಮಗೆ ಬೇಕಿರುವುದು ಒಳಗೆ ಟೊಳ್ಳಾದ, ಸ್ಪಂಜಿನಂಥ ಇ.ಪಿ.ಡಿ.ಎಂ. ರಬ್ಬರ್. ಹೆಬ್ಬೆರಳಿನಿಂದ ಒತ್ತಿದರೆ ಸುಲಭವಾಗಿ ಕುಗ್ಗಬೇಕು, ಬಿಟ್ಟೊಡನೆ ಎದ್ದು ನಿಲ್ಲಬೇಕು.

ದಪ್ಪ ಎಷ್ಟು ಎಂದು ಅಂಗಡಿಯವರನ್ನು ಕೇಳಬೇಡಿ, ಕಾರನ್ನೇ ಕೇಳಿ. ಈಗಿನ ಬೀಡಿಂಗ್ ಬಿಚ್ಚಿ, ಮಕ್ಕಳು ಆಡುವ ಜೇಡಿಯ ಉಂಡೆಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ತೆರಪಿನ ಸುತ್ತ ಗೇಣಿಗೊಂದರಂತೆ ಅಂಟಿಸಿ. ಬಾಗಿಲನ್ನು ಲಾಕ್ ಬೀಳುವವರೆಗೆ ಮುಚ್ಚಿ ತೆರೆಯಿರಿ. ಚಪ್ಪಟೆಯಾದ ಉಂಡೆಗಳ ದಪ್ಪವೇ ರಬ್ಬರಿಗೆ ಸಿಗುವ ಜಾಗ. ಅದರ ಒಂದೂವರೆ ಪಟ್ಟು ದಪ್ಪದ ಟೊಳ್ಳು ರಬ್ಬರ್ ತಂದರೆ ಮುಚ್ಚಿದಾಗ ಮೂರನೆಯ ಒಂದು ಭಾಗ ಕುಗ್ಗಿ ಸರಿಯಾಗಿ ಕೂರುತ್ತದೆ. ಒಂದು ಕಡೆ 4 ಮಿ.ಮೀ., ಇನ್ನೊಂದು ಕಡೆ 11 ಮಿ.ಮೀ. ಬಂದರೆ ಬಾಗಿಲಿನ ಕೆಲಸ ಮುಗಿದಿಲ್ಲ ಎಂದರ್ಥ, ರಬ್ಬರ್ ಕೊಳ್ಳಲು ಹೋಗಬೇಡಿ. ಕೂರಿಸುವಾಗ ಮೂಲೆಗಳಲ್ಲಿ ಎಳೆಯಬಾರದು, ಎಳೆದ ಕಡೆ ತೆಳುವಾಗಿ ಅಲ್ಲಿಂದಲೇ ಸೋರುತ್ತದೆ. ಜೋಡಣೆ ಕೆಳಗಿನ ಹೊಸ್ತಿಲಿನ ಮಧ್ಯದಲ್ಲಿ ಬರಲಿ. ಎರಡು ದಿನ ಅಂಟಿಲ್ಲದೆ ಓಡಿಸಿ ನೋಡಿ, ಆಮೇಲೆ ಅಂಟಿಸಿ.

ಉಳಿದ ಜಾಗಗಳನ್ನು ಬೇಗ ಮುಗಿಸುತ್ತೇನೆ. ದೊಡ್ಡ ಗಾಜು ಓಡಾಡುವ ಚಾನೆಲ್‌ನ ಬಟ್ಟೆ ಸವೆದಿದ್ದರೆ ಗಾಜನ್ನು ಅರ್ಧ ಇಳಿಸಿ ಅಲುಗಿಸಿದಾಗ ಗೊತ್ತಾಗುತ್ತದೆ. ಮುಂಗಾಜಿನ ರಬ್ಬರ್ ಹಳತಾದಾಗ ಮೊದಲು ಕುಗ್ಗುವುದು ಮೂಲೆಗಳಲ್ಲಿ. ಅದರ ತುಟಿಯ ಕೆಳಗೆ ಗಟ್ಟಿಯಾಗದ ಬ್ಯುಟೈಲ್ ಸೀಲಂಟ್ ತುಂಬಿ. ವಿನೆಗರ್ ವಾಸನೆ ಬರುವ ಸ್ನಾನಗೃಹದ ಸಿಲಿಕಾನ್ ಬೇಡವೇ ಬೇಡ, ಅದರಿಂದ ಹೊರಬರುವ ಆಮ್ಲ ತಗಡನ್ನು ತಿನ್ನುತ್ತದೆ. ಪೆಡಲ್, ಸ್ಟೀರಿಂಗ್ ಕಂಬ, ಸ್ಪೀಡೋಮೀಟರ್ ಕೇಬಲ್ ಹಾದುಹೋಗುವ ತೂತುಗಳ ರಬ್ಬರ್ ಬಿದ್ದುಹೋಗಿದ್ದರೆ ಅಲ್ಲಿಂದ ಗಾಳಿಯ ಜೊತೆ ಎಂಜಿನ್ ಸದ್ದೂ ಒಳಬರುತ್ತದೆ. ಕತ್ತಲಲ್ಲಿ ಒಬ್ಬರು ಒಳಗೆ ಕುಳಿತು, ಇನ್ನೊಬ್ಬರು ಹೊರಗಿನಿಂದ ಟಾರ್ಚ್ ಹಾಯಿಸಿದರೆ ಇಂಥ ತೂತುಗಳು ತಾವೇ ಕಾಣುತ್ತವೆ.

ಗಟರಿಗೆ ಬಿಗಿಯುವ ಕ್ಯಾರಿಯರ್ ಇದ್ದರೆ ಅದನ್ನು ಬಿಚ್ಚಿ ಒಮ್ಮೆ ಓಡಿಸಿ. ಆಂಟೆನಾ ಕೂಡ ಹಾಡುತ್ತದೆ: 5 ಮಿ.ಮೀ. ದಪ್ಪದ ಕಡ್ಡಿಯ ಹಿಂದೆ 80 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 900 ಸುಳಿಗಳು ಕಳಚುತ್ತವೆ, ಅದು ಸ್ಪಷ್ಟವಾಗಿ ಕೇಳುವ ಸ್ವರ. ಕಡ್ಡಿಗೆ ತೆಳು ತಂತಿಯನ್ನು ಅಗಲ ಅಂತರದಲ್ಲಿ ಸುರುಳಿಯಾಗಿ ಸುತ್ತಿದರೆ ಸುಳಿಗಳು ಒಂದೇ ತಾಳದಲ್ಲಿ ಕಳಚದೆ ಸ್ವರ ಮುರಿಯುತ್ತದೆ. ಕಾರ್ಖಾನೆಗಳ ಎತ್ತರದ ಹೊಗೆಕೊಳವೆಗಳಿಗೆ ಸುರುಳಿಯ ಪಟ್ಟಿ ಇರುವುದೂ ಇದೇ ಸುಳಿಗಳನ್ನು ಒಡೆಯಲು.

ಡ್ಯಾಂಪಿಂಗ್ ಶೀಟ್ ಕೆಟ್ಟ ವಸ್ತುವಲ್ಲ. ತಗಡಿನ ಅದುರುವಿಕೆಯನ್ನು ಅದು ನಿಜವಾಗಿಯೂ ತಗ್ಗಿಸುತ್ತದೆ. ಆದರೆ ನಿಮ್ಮ ಸದ್ದು ಬರುತ್ತಿರುವುದು ತಗಡಿನ ಮೂಲಕವಲ್ಲ, ಸಂದಿನ ಮೂಲಕ. ಸಂದನ್ನು ಹಾಗೇ ಬಿಟ್ಟು ತಗಡಿಗೆ ಹಾಳೆ ಅಂಟಿಸಿದರೆ ಉಳಿದ ಸದ್ದುಗಳು ಇಳಿದು ಸಿಳ್ಳೆ ಇನ್ನೂ ಎದ್ದು ಕೇಳುತ್ತದೆ. ಮುಂದೆ ಹಾಕಿಸುವುದಾದರೂ ಬಾಗಿಲಿನ ತಳದಲ್ಲಿರುವ ನೀರು ಬಸಿಯುವ ತೂತುಗಳನ್ನು ಯಾರೂ ಮುಚ್ಚದಂತೆ ಎದುರಿಗೇ ನಿಂತು ನೋಡಿಕೊಳ್ಳಿ. ಗಾಜಿನ ಪಟ್ಟಿ ದಾಟಿ ಬಾಗಿಲೊಳಗೆ ಮಳೆನೀರು ಇಳಿಯುವುದು ಸಹಜ. ಅದಕ್ಕೆ ಹೊರಹೋಗುವ ದಾರಿ ಇಲ್ಲದಿದ್ದರೆ ಹೊಸ ಬಣ್ಣದ ಬಾಗಿಲೂ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಆ ತೂತಿನಿಂದ ಸದ್ದು ಬರುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ಪದ್ಮಿನಿ ಇಂದಿನ ಕಾರಿನಷ್ಟು ಮೌನವಾಗದು. ಆ ಕಂಬ, ಆ ಗಟರ್ ಇರುವವರೆಗೆ ಒಂದು ಮಟ್ಟದ ಭೋರ್ಗರೆತ ಇದ್ದೇ ಇರುತ್ತದೆ, ಅದು ದೋಷವಲ್ಲ. ನೀವು ನಿರೀಕ್ಷಿಸಬೇಕಾದುದು ಇಷ್ಟು: ಸಿಳ್ಳೆ ಪೂರ್ತಿ ಹೋಗಬೇಕು, ಸುಯ್ಯೆನ್ನುವಿಕೆ ಒಂದು ಬದಿಯಿಂದ ಮಾತ್ರ ಬರಬಾರದು, ಗಾಳಿಯಿಲ್ಲದ ದಿನ 70ರಲ್ಲಿ ಹಿಂದೆ ಕುಳಿತವರೊಡನೆ ಸಾಮಾನ್ಯ ದನಿಯಲ್ಲಿ ಮಾತಾಡಲು ಸಾಧ್ಯವಾಗಬೇಕು. ಬಾಗಿಲು ಎರಡು ಬೆರಳಿನಿಂದ ತಳ್ಳಿದರೆ ಮುಚ್ಚಬೇಕು. ಟೇಪ್ ಪರೀಕ್ಷೆಯಲ್ಲಿ ತ್ರಿಕೋನ ಗಾಜು, ಮೇಲ್ಚೌಕಟ್ಟು ಎರಡೂ ನಿರಪರಾಧಿ ಎಂದು ಕಂಡುಬಂದರೆ, ಯಾವ ಭಾಗದ ಟೇಪ್ ತೆಗೆದಾಗ ಎಷ್ಟು ವೇಗದಲ್ಲಿ ಸದ್ದು ಮರಳಿತು ಎಂಬುದನ್ನೂ ಜೇಡಿ ಉಂಡೆಗಳ ಅಳತೆಯನ್ನೂ ಬರೆದು ಕಳುಹಿಸಿ. ಅಷ್ಟಿದ್ದರೆ ಮುಂದಿನ ದಾರಿಯನ್ನು ಖಚಿತವಾಗಿ ಹೇಳಬಲ್ಲೆ.